ಹಿಮ ತಿಂದ ಐದು ಬೆರಳು

ನಮ್ಮ ಭಾವ ಮುನಿಶಾಮಪ್ಪನಿಗೆ ಕಾಲಿನಲ್ಲಿ ಐದೇ ಬೆರಳು. ಒಂದೊಂದು ಕಾಲಿಗೆ ಐದಲ್ಲ, ಎರಡೂ ಕಾಲು ಸೇರಿಸಿ ಐದು. ಬಲಗಾಲಿನಲ್ಲಿ ಹೆಬ್ಬೆರಳೂ ಸೇರಿ ಮೂರು ಹೋಗಿದ್ದವು. ಎಡಗಾಲಿನಲ್ಲಿ ಕಿರುಬೆರಳು ಮತ್ತು ಅದರ ಪಕ್ಕದ್ದು. ಆ ಐದು ಬೆರಳು ಎಲ್ಲಿ ಹೋದವು ಎಂಬ ಒಂದೇ ಪ್ರಶ್ನೆಯ ಮೇಲೆ ನಮ್ಮ ಅಕ್ಕನ ಸಂಸಾರ ಹತ್ತು ತಿಂಗಳು ಮುರಿದು ಬಿದ್ದಿತ್ತು. ಅದು ಮುರಿದದ್ದರಲ್ಲಿ ನನ್ನ ಕೈಯೂ ಇತ್ತು.

ನನ್ನ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಹುಟ್ಟಾ ಅನುಮಾನದ ಮನುಷ್ಯ. ಹಾಲಿನವಳು ಹಾಲಿಗೆ ನೀರು ಹಾಕಿದ್ದಾಳೆ ಎಂದು ಬೇರೆಯವರು ಗೊಣಗಿದರೆ, ನೀರಿಗೆ ಹಾಲು ಹಾಕಿದ್ದಾಳೆ ಎನ್ನುವವನು ನಾನು. ಆಗ ದೊಡ್ಡಬೆಳವಂಗಲದ ಶಾಲೆಯಲ್ಲಿ ಮೇಷ್ಟ್ರಾಗಿದ್ದೆ. ಜ್ವರ ಎಂದು ಯಾವನಾದರೂ ರಜೆ ಕೇಳಿದರೆ ಹಣೆ ಮುಟ್ಟಿ ನೋಡುತ್ತಿದ್ದೆ. ಹಣೆ ಬಿಸಿಯಾಗಿದ್ದರೆ, ಬಿಸಿಲಲ್ಲಿ ನಿಂತು ಬಂದಿದ್ದಾನೋ ಏನೋ ಎಂದು ಪಕ್ಕದವನನ್ನು ವಿಚಾರಿಸುತ್ತಿದ್ದೆ. ನಮ್ಮ ಊರು ಶಾಲೆಯಿಂದ ಅರ್ಧ ಗಂಟೆಯ ದಾರಿ. ಊರಿನಲ್ಲಿ ಇಂಗ್ಲಿಷ್ ಓದಬಲ್ಲವನು ನಾನೊಬ್ಬನೇ. ಅನುಮಾನವೂ ಇಂಗ್ಲಿಷೂ ಒಂದೇ ತಲೆಯಲ್ಲಿ ಸೇರಬಾರದು, ಸೇರಿದ್ದವು.

ಮುನಿಶಾಮಪ್ಪ ಮಾಕಳಿದುರ್ಗದ ಬೆಟ್ಟದ ಬುಡದ ಹಳ್ಳಿಯವನು, ಒಕ್ಕಲುತನದ ಮನೆಯ ಎರಡನೆಯ ಮಗ. ಸಾವಿರದ ಒಂಬೈನೂರ ನಲವತ್ತರಲ್ಲಿ ನಮ್ಮ ಅಕ್ಕ ಅಂಜಿನಮ್ಮನನ್ನು ಮದುವೆಯಾದ. ಮಾತು ಕಡಿಮೆ, ಊಟ ಹೆಚ್ಚು, ಸಿಟ್ಟು ಇಲ್ಲವೇ ಇಲ್ಲ. ಸಿಟ್ಟಿಲ್ಲದವರನ್ನು ಕಂಡರೆ ನನಗೆ ಅಂದಿನಿಂದಲೂ ಏನೋ ಬಚ್ಚಿಟ್ಟಿದ್ದಾರೆ ಅನ್ನಿಸುತ್ತದೆ. ಮದುವೆಯಾಗಿ ಎರಡು ವರ್ಷಕ್ಕೆ ಯುದ್ಧದ ಕೆಲಸ ಹುಡುಕಿಕೊಂಡು ಬೆಂಗಳೂರಿನ ದಂಡಿಗೆ ಹೋದ. ಅಲ್ಲಿ ಒಬ್ಬ ಬಿಳಿ ಸಾಹೇಬನ ಅಡಿಗೆಯವನಾಗಿ ಸೇರಿಕೊಂಡ. ಸಾಹೇಬನನ್ನು ಕಾಶ್ಮೀರದ ಕಡೆಗೆ ವರ್ಗ ಮಾಡಿದರು. ಅವನ ಹಿಂದೆ ಇವನೂ ರೈಲು ಹತ್ತಿದ. ಅಕ್ಕ ನಮ್ಮ ಮನೆಗೆ ಬಂದಳು. ಮೂರು ತಿಂಗಳಿಗೋ ನಾಲ್ಕು ತಿಂಗಳಿಗೋ ಯಾರ ಕೈಯಲ್ಲೋ ಬರೆಸಿದ ಕಾಗದ ಬರುತ್ತಿತ್ತು: ಕ್ಷೇಮ, ಇಲ್ಲಿ ಬಹಳ ಚಳಿ, ನಿಮ್ಮ ಕ್ಷೇಮಕ್ಕೆ ಬರೆಯುವುದು. ನಲವತ್ತೈದರಲ್ಲಿ ಆರೇಳು ತಿಂಗಳು ಅದೂ ನಿಂತಿತ್ತು. ಅಲ್ಲೊಂದು ಸಂಸಾರ ಕಟ್ಟಿಕೊಂಡಿದ್ದಾನೆ ಎಂದು ನಾನು ಆಗಲೇ ತೀರ್ಮಾನಿಸಿದ್ದೆ.

ನಲವತ್ತಾರರ ಶಿವರಾತ್ರಿ ಕಳೆದ ವಾರ ಅವನು ಬಂದ. ಮಟಮಟ ಮಧ್ಯಾಹ್ನ, ಕಾಲಿನಲ್ಲಿ ದಂಡಿನ ಬೂಟು. ಜಗಲಿಯ ಮುಂದೆ ನಿಂತ, ಮೇಲೆ ಹತ್ತಲಿಲ್ಲ. ನಮ್ಮ ಕಡೆ ಯಾರೇ ಬಂದರೂ ಮೊದಲು ಕಾಲಿಗೆ ನೀರು, ಆಮೇಲೆ ಮಾತು. ಅಕ್ಕ ಚೆಂಬಿನಲ್ಲಿ ನೀರು ತಂದು ಹಿಡಿದಳು. ನಾಲ್ಕು ವರ್ಷದ ಮೇಲೆ ಕಂಡ ಹೆಂಡತಿ ನೀರು ಹಿಡಿದು ನಿಂತಿದ್ದರೆ ಈ ಮನುಷ್ಯ ಬೂಟಿನ ದಾರವನ್ನೇ ನೋಡುತ್ತಾ ನಿಂತಿದ್ದ.

"ಯಾಕೆ, ಕಾಲು ತೊಳ್ಕೊಳಲ್ವಾ?" ಎಂದಳು ಅಕ್ಕ.

"ತೊಳ್ಕೋತೀನಿ. ನೀನು ಹೆದರ್ಕೋಬ್ಯಾಡ, ಅಷ್ಟೇ" ಎಂದ.

ಬೂಟು ಬಿಚ್ಚಿದ. ಮೂತಿಯ ಕಡೆಯಿಂದ ಬಟ್ಟೆಯ ಚಿಂದಿ ಉಂಡೆಯಾಗಿ ಉದುರಿತು. ನಮ್ಮ ತಾಯಿ ಅಮ್ಮಯಮ್ಮ ಬಾಗಿಲಲ್ಲೇ "ಅಯ್ಯೋ ನಮ್ಮಪ್ಪನೇ" ಎಂದು ಸೆರಗು ಬಾಯಿಗೆ ಅಡ್ಡ ಹಿಡಿದಳು. ಅಕ್ಕ ಮಾತ್ರ ಚೆಂಬನ್ನು ಬಗ್ಗಿಸಿ ನೀರು ಹುಯ್ದಳು. ಆದರೆ ಅಷ್ಟರಲ್ಲಿ ಎದುರು ಮನೆಯ ಪಾಪಕ್ಕ ತನ್ನ ಜಗಲಿಯಿಂದ ಎಲ್ಲ ನೋಡಿದ್ದಳು. ಪಾಪಕ್ಕ ನೋಡಿದಳೆಂದರೆ ತಮಟೆ ಹೊಡೆಸುವ ಕೆಲಸ ಉಳಿಯಿತು ಎಂದೇ ಅರ್ಥ.

ಬೆರಳಿಲ್ಲದ ಕಾಲಿಗೆ ನಮ್ಮ ಸೀಮೆಯಲ್ಲಿ ಆಗ ಒಂದೇ ಕಾರಣ ಗೊತ್ತಿತ್ತು. ಅದರ ಹೆಸರನ್ನೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, 'ದೊಡ್ಡರೋಗ' ಎನ್ನುತ್ತಿದ್ದರು. ಕುಷ್ಠ. ಬಂದವರನ್ನು ಊರಾಚೆ ಇಡುತ್ತಿದ್ದರು. ಅದು ಎಂಥ ಕ್ರೂರ ಎಂದು ಈಗ ಎಲ್ಲರಿಗೂ ಗೊತ್ತು. ಆಗ ನನಗೂ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಮನಸ್ಸೂ ಇರಲಿಲ್ಲ.

ಅಂದು ಸಾಯಂಕಾಲ ಅವನು ಹೇಳಿದ ಕತೆ ಹೀಗಿತ್ತು. ಸಾಹೇಬನಿದ್ದ ಬೆಟ್ಟದ ಮೇಲೆ ಚಳಿಗಾಲದಲ್ಲಿ ಹಿಮ ಬೀಳುತ್ತದೆ. "ಆಕಾಶದಾಗೆ ಯಾರೋ ಅಕ್ಕಿಹಿಟ್ಟು ಜರಡಿ ಹಿಡ್ದಂಗೆ. ಸದ್ದೇ ಇರಲ್ಲ. ಬೆಳಗ್ಗೆ ಎದ್ದು ನೋಡಿದ್ರೆ ಬಾಗಿಲೇ ಮುಚ್ಚೋಗಿರ್ತದೆ." ಭಾನುವಾರ ಬಂತೆಂದರೆ ಸಾಹೇಬರು ಹದಿನೈದು ಇಪ್ಪತ್ತು ಜನ ಗುಂಪು ಕಟ್ಟಿಕೊಂಡು ಆ ಹಿಮದ ಮೇಲೆ ಬೆಟ್ಟ ಸುತ್ತಲು ಹೋಗುತ್ತಿದ್ದರು. ಸುಮ್ಮನೆ ಹೋದರೆ ತೊಡೆಯವರೆಗೂ ಹೂತುಹೋಗುತ್ತದೆ. ಅದಕ್ಕೆ ಕಾಲಿಗೆ ಬೆತ್ತ ಬಗ್ಗಿಸಿ ಚರ್ಮದ ಎಳೆ ಹೆಣೆದ ಅಗಲವಾದ ಒಂದು ಸಾಮಾನು ಕಟ್ಟಿಕೊಳ್ಳುತ್ತಿದ್ದರಂತೆ. ಬುಟ್ಟಿಯಂತೆ ಹೆಣೆದದ್ದರಿಂದ ಅದಕ್ಕೆ ಇವನು ಇಟ್ಟಿದ್ದ ಹೆಸರು 'ಮಂಕರಿ ಜೋಡು'. ಮಂಕರಿ ಕಟ್ಟಿಕೊಂಡರೆ ಹಿಮದಲ್ಲಿ ಕಾಲು ಹೂತುಹೋಗುವುದಿಲ್ಲ, ಮೇಲೆ ಮೇಲೆ ನಡೆಯಬಹುದು.

ಇವನ ಕೆಲಸ ಸಾಲಿನ ಕೊನೆಯಲ್ಲಿ ನಡೆಯುವುದು. ಬೆನ್ನ ಮೇಲೆ ಟೀ ಕೆಟಲು, ರೊಟ್ಟಿ. ಮುಂದಿನವನು ಆಗಾಗ 'ಹೋಯ್' ಎಂದು ಕೂಗುತ್ತಾನೆ. ಕೊನೆಯವನು ತನ್ನ ಮುಂದಿರುವ ತಲೆಗಳನ್ನು ಎಣಿಸಿ, ಸರಿಯಿದ್ದರೆ 'ಇದ್ದೀನಿ' ಎಂದು ಕೂಗಬೇಕು. ಆ ಕೂಗು ಬರದಿದ್ದರೆ ಇಡೀ ಸಾಲು ನಿಂತಲ್ಲೇ ನಿಲ್ಲಬೇಕು. ನಲವತ್ತೈದರ ಸಂಕ್ರಾಂತಿಯ ಆಸುಪಾಸಿನಲ್ಲಿ ಒಂದು ದಿನ ತಲೆ ಒಂದು ಕಡಿಮೆ ಬಂತು. ಇವನು ಕೂಗಲಿಲ್ಲ. ಹಿಂದಕ್ಕೆ ಹೋಗಿ ನೋಡಿದರೆ ಸಾಲು ಬಿಟ್ಟು ಪಕ್ಕಕ್ಕೆ ಸರಿದಿದ್ದ ಒಬ್ಬ ಚಿಕ್ಕ ವಯಸ್ಸಿನ ಸಾಹೇಬ ಮಂಕರಿ ಮುರಿದುಕೊಂಡು ಸೊಂಟದವರೆಗೆ ಹೂತು ಅಳುತ್ತಿದ್ದ. ಇವನು ತನ್ನ ಮಂಕರಿಯನ್ನು ಅವನಿಗೆ ಕಟ್ಟಿ, ತಾನು ಹೂತುಕೊಂಡು ಹೂತುಕೊಂಡು ಐದು ಗಂಟೆ ನಡೆದ. ಬಿಡಾರಕ್ಕೆ ಬಂದು ಬೂಟು ತೆಗೆದರೆ ಬೆರಳು ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ಮೂರು ದಿನಕ್ಕೆ ಕಪ್ಪಾದವು. ದಂಡಿನ ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆದರು.

"ಅಂದ್ರೆ ನೀರು ನಿನ್ನ ಬೆರಳು ತಿಂತು ಅಂತೀಯ" ಎಂದರು ಊರಿನ ಹಿರಿಯರಾದ ಅಪ್ಪಯ್ಯಣ್ಣ.

"ನೀರಲ್ಲ ಅಪ್ಪಯ್ಯಣ್ಣ, ಹಿಮ."

"ಹಿಮ ಕರಗಿದ್ರೆ ಏನಾಗ್ತದೆ?"

"ನೀರಾಗ್ತದೆ."

"ಮತ್ತೆ ಅದನ್ನೇ ನಾನೂ ಅಂದಿದ್ದು."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಮಗೆ ಗೊತ್ತಿದ್ದ ಚಳಿ ಎಂದರೆ ಧನುರ್ಮಾಸದ ಮಂಜು. ಕಂಬಳಿ ಹೊದ್ದು, ಒಲೆಯ ಮುಂದೆ ಕೂತರೆ ಮುಗಿಯಿತು. ಚಳಿಗೆ ಮೂಗು ಸೋರುತ್ತದೆ, ತುಟಿ ಒಡೆಯುತ್ತದೆ. ಬೆರಳು ಉದುರುತ್ತದೆ ಎಂದರೆ ನಂಬುವುದು ಹೇಗೆ? ಅದೂ ಕಾಲಿಗೆ ಮಂಕರಿ ಕಟ್ಟಿಕೊಂಡು ಸಾಹೇಬರು ನಡೆಯುತ್ತಾರೆ ಎನ್ನುವವನ ಬಾಯಿಂದ!

ನಾಟಿ ವೈದ್ಯ ಮಾಡುತ್ತಿದ್ದ ಲಕ್ಷ್ಮಯ್ಯನನ್ನು ಕರೆಸಿದರು. ಅವನು ಜಾಲಿಮುಳ್ಳು ಹಿಡಿದುಕೊಂಡು ಬಂದ. ಆ ರೋಗವಿದ್ದ ಕಡೆ ಚುಚ್ಚಿದರೆ ಗೊತ್ತಾಗುವುದಿಲ್ಲ ಎಂಬುದು ಎಲ್ಲರಿಗೂ ತಿಳಿದಿದ್ದ ಪರೀಕ್ಷೆ. ಭಾವನ ಕಣ್ಣಿಗೆ ಟವೆಲು ಕಟ್ಟಿದರು. ಹಿಮ್ಮಡಿಗೆ ಚುಚ್ಚಿದಾಗ "ಹಾ" ಎಂದ. ಅಂಗಾಲಿಗೆ ಚುಚ್ಚಿದಾಗ ಕಾಲು ಎಳೆದುಕೊಂಡ. ಬೆರಳು ಕತ್ತರಿಸಿದ ಕಲೆಯ ಮೇಲೆ ಮುಳ್ಳು ಒತ್ತಿದಾಗ ಸುಮ್ಮನೆ ಕೂತಿದ್ದ. ಲಕ್ಷ್ಮಯ್ಯ ಇನ್ನೂ ಒತ್ತಿದ, ರಕ್ತ ಬಂತು. ಭಾವ "ಇನ್ನೂ ಚುಚ್ಚಿಲ್ವಾ?" ಎಂದು ಕೇಳಿದ. ನಿಂತಿದ್ದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು.

ಟವೆಲು ಬಿಚ್ಚಿದ ಮೇಲೆ ಅವರ ಮುಖ ನೋಡಿ ಭಾವನಿಗೆ ಅರ್ಥವಾಯಿತು. ಜೇಬಿನಿಂದ ಎಣ್ಣೆಕಾಗದದಲ್ಲಿ ಸುತ್ತಿದ ಒಂದು ಹಾಳೆ ತೆಗೆದು ನನ್ನ ಕಡೆ ಹಿಡಿದ. "ದಂಡಿನಿಂದ ಬಿಡುವಾಗ ಕೊಟ್ಟಿದ್ದು. ಡಾಕ್ಟ್ರು ಸಾಹೇಬ್ರು ಎಲ್ಲಾ ಬರ್ದಿದ್ದೀನಿ ಅಂದವ್ರೆ. ನೀನು ಓದ್ಹೇಳು ರಮಣಪ್ಪಾ."

ಓದಿದೆ. ಅದರಲ್ಲಿ ಎಲ್ಲ ಇತ್ತು. ಹಿಮದ ಚಳಿಗೆ ಕಾಲು ಮರಗಟ್ಟಿ ಕೆಟ್ಟದ್ದು, ಬಲಗಾಲಿನ ಮೂರು ಎಡಗಾಲಿನ ಎರಡು ಬೆರಳು ತೆಗೆದದ್ದು, ಗಾಯ ವಾಸಿಯಾದದ್ದು, ಬೇರೆ ಯಾವ ರೋಗವೂ ಇಲ್ಲವೆಂದು ಕೊನೆಯ ಸಾಲಿನಲ್ಲಿ ಬೇರೆಯಾಗಿ ಬರೆದದ್ದು. ಮತ್ತೊಮ್ಮೆ ಓದಿದೆ. ಆ ಕೊನೆಯ ಸಾಲೇ ನನಗೆ ತೊಡರಿತು. ಯಾರೂ ಕೇಳದೆ ಇರುವಾಗ ಬೇರೆ ರೋಗವಿಲ್ಲ ಎಂದು ಏಕೆ ಬರೆಯಬೇಕು? ಯುದ್ಧ ಮುಗಿದಿದೆ, ಕಾಯಿಲೆಯವರನ್ನೆಲ್ಲ ಹೇಗಾದರೂ ಮನೆಗೆ ಸಾಗಹಾಕಬೇಕು, ಅದಕ್ಕೆ ಇಂಥ ಕಾಗದ ಕೊಡುತ್ತಾರೆ. ಸಾಹೇಬನಿಗೆ ನಾಲ್ಕು ವರ್ಷ ಅಡಿಗೆ ಮಾಡಿ ಹಾಕಿದವನು ಒಂದು ಹಾಳೆ ಬರೆಸಿಕೊಳ್ಳಲಾರನೇ? ಕಾಗದದಲ್ಲಿರುವುದನ್ನು ಹೇಳಿದರೆ ಅಪ್ಪಯ್ಯಣ್ಣ ನನ್ನ ಮಾತಿನ ಮೇಲೆ ಅಕ್ಕನನ್ನು ಕಳಿಸುತ್ತಾರೆ. ನಾಳೆ ಅಕ್ಕನ ಕೈಬೆರಳು ಉದುರಿದರೆ?

"ಕಾಲಿನ ವಿಷಯ ಏನೂ ಬರೆದಿಲ್ಲ. ಕೆಲಸದಿಂದ ಬಿಟ್ಟಿದ್ದೀವಿ ಅಂತ ಮಾತ್ರ ಇದೆ" ಎಂದೆ.

ಭಾವ ನನ್ನನ್ನೇ ನೋಡಿದ. ಆಮೇಲೆ ಕಾಗದವನ್ನು ಇಸಿದುಕೊಂಡು ಅದೇ ಎಣ್ಣೆಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ. ನಡುಮನೆಯ ಬಾಗಿಲ ಹಿಂದೆ ಅಕ್ಕ ನಿಂತಿದ್ದಳು.

ಅಂಜಿನಮ್ಮ ತವರಲ್ಲೇ ಇರತಕ್ಕದ್ದು, ಮುನಿಶಾಮಪ್ಪ ಊರೊಳಗೆ ಬರತಕ್ಕದ್ದಲ್ಲ ಎಂದು ತೀರ್ಮಾನವಾಯಿತು. ಸುದ್ದಿ ಅವನಿಗಿಂತ ಮುಂಚೆ ಅವನ ಹಳ್ಳಿಯನ್ನು ಮುಟ್ಟಿತ್ತು. ಸ್ವಂತ ಅಣ್ಣನೇ ಅವನಿಗೆ ತೋಟದ ಅಂಚಿನಲ್ಲಿ ಒಂದು ಗುಡಿಸಲು ತೋರಿಸಿದ. ಬಾವಿಯಲ್ಲಿ ಅವನಿಗೆ ಬೇರೆ ಹಗ್ಗ, ಬೇರೆ ಬಿಂದಿಗೆ. ಅವನು ಜಗಳವಾಡಲಿಲ್ಲ. ಜಗಳವಾಡಲಿಲ್ಲ ಎಂಬುದನ್ನೂ ನಾನು ತಪ್ಪೊಪ್ಪಿಗೆಯ ಲೆಕ್ಕಕ್ಕೇ ಸೇರಿಸಿದೆ.

ಅಕ್ಕ ಏನೂ ಕೇಳಲಿಲ್ಲ. ರಾಗಿ ಬೀಸಿದಳು, ಕಳೆ ಕಿತ್ತಳು, ನನಗೆ ಹೊತ್ತುಹೊತ್ತಿಗೆ ಮುದ್ದೆ ಬಡಿಸಿದಳು. ಬಡಿಸುವಾಗ ಮೊದಲು "ಸಾರು ಸಾಕಾ?" ಎನ್ನುತ್ತಿದ್ದವಳು ಅದನ್ನು ನಿಲ್ಲಿಸಿದಳು. ಗಂಡನ ಚಿಂತೆ ಎಂದುಕೊಂಡೆ.

ಕಾರ್ತಿಕ ಮುಗಿದು ಚಳಿ ಶುರುವಾದಾಗ ಅಂಚೆಯ ಹನುಮಂತರಾಯಪ್ಪ ಹೊಸ ಸುದ್ದಿ ತಂದ. ಪ್ರತಿ ಭಾನುವಾರ ಬೆಳಗಿನ ರೈಲಿಗೆ ಬೆಂಗಳೂರಿನಿಂದ ಒಂದು ಗುಂಪು ಮಾಕಳಿದುರ್ಗದ ಸ್ಟೇಷನ್ನಿನಲ್ಲಿ ಇಳಿಯುತ್ತದಂತೆ. ಕಾಲೇಜಿನ ಮೇಷ್ಟ್ರುಗಳು, ಆಫೀಸಿನ ಗುಮಾಸ್ತರು, ಟೋಪಿ, ದೊಣ್ಣೆ, ಹಗ್ಗ. ಮುನಿಶಾಮಪ್ಪ ಅವರನ್ನು ಬೆಟ್ಟ ಹತ್ತಿಸುತ್ತಾನಂತೆ.

"ಯಾತಕ್ಕೆ ಹತ್ತುತ್ತಾರೆ?" ಎಂದೆ.

"ಸುಮ್ಕೆ."

"ಸುಮ್ಮನೆ ಯಾರು ಬೆಟ್ಟ ಹತ್ತುತ್ತಾರೆ ಹನುಮಂತರಾಯಪ್ಪ? ದೇವರಿಗಾದರೂ ಹತ್ತಬೇಕು, ಸೌದೆಗಾದರೂ ಹತ್ತಬೇಕು."

"ಅದೇ ನಂಗೂ ಅನುಮಾನ ಮೇಷ್ಟ್ರೇ. ಹಗ್ಗ ಬೇರೆ ತತ್ತಾರೆ" ಎಂದು ಅವನು ದನಿ ತಗ್ಗಿಸಿದ. ಬೆಟ್ಟದ ಮೇಲೆ ಹಳೆಯ ಕೋಟೆಯಿದೆ. ಹಳೆಯ ಕೋಟೆ ಎಂದರೆ ನಮ್ಮವರಿಗೆ ನಿಧಿ. ನಿಧಿ ಅಗೆಯುವವರಿಗೆ ಊರವರು ಹತ್ತಿರ ಸುಳಿಯದಂಥ ಮನುಷ್ಯನೇ ಬೇಕು. ನನ್ನ ತಲೆಯಲ್ಲಿ ಎಲ್ಲ ಹೊಂದಿಕೊಂಡಿತು. ಅದೂ ಅಲ್ಲದೆ, ಆ ಬೆಂಗಳೂರಿನವರು ಏನೂ ತಿಳಿಯದೆ ಅವನ ಕೈಯಿಂದ ನೀರು ಕುಡಿಯುತ್ತಿದ್ದಾರೆ! ಹೋಗಿ ಕಣ್ಣಾರೆ ನೋಡಿ, ಅವರಿಗೂ ಎರಡು ಮಾತು ಹೇಳಿ ಬರಬೇಕೆಂದು ಶನಿವಾರವೇ ದೊಡ್ಡಬಳ್ಳಾಪುರಕ್ಕೆ ಹೋಗಿ ತಂಗಿ, ಭಾನುವಾರ ಅದೇ ರೈಲು ಹತ್ತಿದೆ.

ಸ್ಟೇಷನ್ನಿನಲ್ಲಿ ಹದಿಮೂರು ಜನ ಇಳಿದರು. ಹದಿನಾಲ್ಕನೆಯವನು ನಾನು. ಗಡ್ಡ ಬಿಟ್ಟಿದ್ದ ಒಬ್ಬ ಪ್ರೊಫೆಸರು ಅವರ ಮುಖಂಡ. ಬೆಟ್ಟ ನೋಡಲು ನಾನೂ ಬರಬಹುದೇ ಎಂದು ಕೇಳಿದೆ. "ಧಾರಾಳವಾಗಿ ಬನ್ನಿ" ಎಂದರು, ಎಲ್ಲಿಯವನು ಎಂದೂ ಕೇಳಲಿಲ್ಲ. ಇಷ್ಟು ಸಲೀಸಾಗಿ ಸೇರಿಸಿಕೊಂಡದ್ದೂ ನನಗೆ ಸರಿಕಾಣಲಿಲ್ಲ.

ಭಾವ ಸ್ಟೇಷನ್ನಿನ ಹೊಂಗೆಮರದ ಕೆಳಗೆ ನೀರಿನ ಪೀಪಾಯಿ ಬೆನ್ನಿಗೆ ಕಟ್ಟಿಕೊಂಡು ನಿಂತಿದ್ದ. ನನ್ನನ್ನು ನೋಡಿದ. ಗುರುತು ಹಿಡಿದ. "ಹದಿನಾಲ್ಕು" ಎಂದಷ್ಟೇ ಹೇಳಿ ಎಲ್ಲರ ಹಿಂದೆ ಹೋಗಿ ನಿಂತ.

ಮಂಜು ಮುಖಕ್ಕೆ ಹೊಡೆಯುತ್ತಿತ್ತು. ಪ್ರೊಫೆಸರು ಮುಂದಿನಿಂದ "ಹೋಯ್" ಎಂದು ಕೂಗುವರು, ನನ್ನ ಬೆನ್ನ ಹಿಂದಿನಿಂದ "ಇದ್ದೀನಿ" ಎಂದು ಕೇಳುವುದು. ಪ್ರತಿ ಸಲ ಆ ಕೂಗಿಗೆ ಮುಂಚೆ ಅವನು ಬಾಯೊಳಗೆ ಎಣಿಸುವುದು ನನಗೆ ಕೇಳಿಸುತ್ತಿತ್ತು, ಹದಿಮೂರು ಆದ ಮೇಲೆ ಹದಿನಾಲ್ಕು. ಹದಿನಾಲ್ಕು ನಾನು. ಕತೆಯಲ್ಲಿ ಹೇಳಿದ್ದನ್ನೇ ಮಾಡುತ್ತಿದ್ದಾನೆ, ಕತೆ ನಿಜವೆಂದು ತೋರಿಸಲು ಎಂದುಕೊಂಡೆ.

ಬೆಟ್ಟದ ಮೇಲಿನ ಕಲ್ಲಿನ ನಂದಿಯ ಹತ್ತಿರ ಕೂತು ಅವರು ಅವಲಕ್ಕಿ ಬಿಚ್ಚಿದರು. ನನಗೆ ಹಸಿವಿಲ್ಲ ಎಂದೆ. ಯಾರೋ "ಆ ಹಿಮದ ಜೋಡು ಹೇಗಿರುತ್ತೆ, ಇನ್ನೊಂದು ಸಲ ಹೇಳಪ್ಪ" ಎಂದರು. ಭಾವ ಇದ್ದಿಲಿನ ಚೂರು ತಗೊಂಡು ಬಂಡೆಯ ಮೇಲೆ ಬರೆದ: ಬಗ್ಗಿಸಿದ ಬೆತ್ತ, ನಡುವೆ ಹೆಣಿಗೆ, ಕಾಲಿನ ಮುಂಭಾಗ ಮಾತ್ರ ಕಟ್ಟಬೇಕು, ಹಿಮ್ಮಡಿ ಎತ್ತಲು ಬಿಡುವಿರಬೇಕು. "ಹಿಮ್ಮಡೀನೂ ಕಟ್ಬಿಟ್ರೆ ಮುಗ್ಗರಿಸ್ತೀವಿ. ಕಾಲು ಅಗಲಿಸ್ಕೊಂಡು ಬಾತುಕೋಳಿ ನಡ್ದಂಗೆ ನಡೀಬೇಕು" ಎಂದು ಎದ್ದು ನಡೆದು ತೋರಿಸಿದ. ಎಲ್ಲರೂ ನಕ್ಕರು, ಅವನೂ ನಕ್ಕ. ಅವನು ನಕ್ಕದ್ದನ್ನು ನಾನು ಮದುವೆಯಲ್ಲಿ ನೋಡಿದ್ದು, ಆಮೇಲೆ ಅಂದೇ.

ನಿಧಿ ಇಲ್ಲಿ ಇರಲಾರದು, ಕೋಟೆಯ ಹಿಂಭಾಗದಲ್ಲಿ ಅಗೆದಿರಬೇಕು. ಇಳಿಯುವಾಗ ನಾನು ಮೆಲ್ಲನೆ ಸಾಲು ಬಿಟ್ಟು ಗೋಡೆಯ ಬಿರುಕಿನಲ್ಲಿ ನುಸುಳಿದೆ. ಅಲ್ಲಿ ಮುಳ್ಳಿನ ಪೊದೆ ಬಿಟ್ಟರೆ ಏನೂ ಇರಲಿಲ್ಲ. ಏನೂ ಇಲ್ಲದ್ದನ್ನು ಸರಿಯಾಗಿ ನೋಡಲು ಇನ್ನೂ ಕೆಳಗೆ ಇಳಿದೆ. ಮಂಜಿಗೆ ಒದ್ದೆಯಾಗಿದ್ದ ಬಂಡೆ ಜಾರಿತು. ಒಂದು ಚಪ್ಪಲಿ ಕೆಳಗೆ ಎಲ್ಲೋ ಹೋಯಿತು, ಇನ್ನೊಂದರ ಉಂಗುಷ್ಠ ಕಿತ್ತಿತು. ನಾನು ಒಂದು ಕಳ್ಳಿಯ ಬುಡ ಹಿಡಿದು ಬಂಡೆಗೆ ಹಲ್ಲಿಯಂತೆ ಅಂಟಿಕೊಂಡೆ. ಕೆಳಗೆ ಏನಿದೆ ಎಂದು ಮಂಜಿನಲ್ಲಿ ಕಾಣುತ್ತಿರಲಿಲ್ಲ. ಕೂಗಲು ನಾಚಿಕೆ. ಏನೆಂದು ಕೂಗಲಿ?

ದೂರದಿಂದ ಪ್ರೊಫೆಸರ ದನಿ ಕೇಳಿಸಿತು. "ಹೋಯ್!"

ಉತ್ತರ ಬರಲಿಲ್ಲ.

ಮತ್ತೊಮ್ಮೆ "ಹೋಯ್!" ಈ ಸಲವೂ 'ಇದ್ದೀನಿ' ಎಂಬ ಕೂಗಿಲ್ಲ. ಸಾಲು ನಿಂತಿದೆ ಎಂದು ನನಗೆ ಗೊತ್ತಾಯಿತು. ತಲೆ ಒಂದು ಕಡಿಮೆಯಾಗಿದೆ. ಆ ತಲೆ ನನ್ನದು. ಕಳ್ಳಿಯ ಹಾಲು ಕೈಗೆ ಮೆತ್ತಿಕೊಂಡು, ಬುಡವನ್ನು ಇನ್ನೂ ಗಟ್ಟಿಯಾಗಿ ಹಿಡಿದೆ.

"ರಮಣಪ್ಪಾ... ಅಲ್ಲಾಡ್ಬ್ಯಾಡ. ಬಂದೆ."

ಭಾವ ಕೂತುಕೊಂಡು, ಜಾರಿಕೊಂಡು, ಮೇಲಿನಿಂದ ಬಂದ. ಟವೆಲು ಕೊಟ್ಟು ನನ್ನನ್ನು ಎಳೆದು ಗೋಡೆಯ ಬುಡಕ್ಕೆ ಹಾಕಿದ. ನಾನು ಇಲ್ಲೇಕೆ ಬಂದೆ ಎಂದು ಕೇಳಲಿಲ್ಲ. ನನ್ನ ಬರಿಗಾಲು ನೋಡಿ, ಕೂತು, ತನ್ನ ಬೂಟು ಬಿಚ್ಚತೊಡಗಿದ.

"ಬೇಡ ಭಾವ."

"ಮುಳ್ಳು ಐತೆ. ನಿನಗೆ ಅಭ್ಯಾಸ ಇಲ್ಲ. ಹಾಕ್ಕೋ."

ಹಾಕಿಕೊಂಡೆ. ನನ್ನ ಬೆರಳುಗಳು ಮುಂದೆ ತುರುಕಿದ್ದ ಚಿಂದಿಗೆ ಹೋಗಿ ತಗುಲಿದವು. ಬಲಗಾಲಿನ ಬೂಟಿನಲ್ಲಿ ದೊಡ್ಡ ಉಂಡೆ, ಎಡಗಾಲಿನಲ್ಲಿ ಚಿಕ್ಕದು. ಬೆವರಿಗೆ ಒದ್ದೆಯಾಗಿ ಬೆಚ್ಚಗಿದ್ದವು. ಅವನು ನನ್ನ ಮುಂದೆ ಬರಿಗಾಲಿನಲ್ಲಿ, ಹಿಮ್ಮಡಿಯ ಮೇಲೆ ಭಾರ ಹಾಕಿಕೊಂಡು ಬಂಡೆ ಹತ್ತಿದ. ಎರಡು ಕಡೆ ಮುಳ್ಳು ತುಳಿದು "ಸ್" ಎಂದ. ಇದೇ ರೀತಿ ಇನ್ನೊಬ್ಬನಿಗೆ ಜೋಡು ಕೊಟ್ಟು ನಡೆದಿದ್ದಾನೆ, ಐದು ಗಂಟೆ ನಡೆದಿದ್ದಾನೆ ಎಂದು ನನಗೆ ಯಾವ ಕಾಗದವೂ ಇಲ್ಲದೆ ಆಗ ಗೊತ್ತಾಯಿತು. ಈ ಮನುಷ್ಯ ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿದ್ದು ನಾನು.

ಗೋಡೆಯ ಹತ್ತಿರ ನಿಂತು ಕೇಳಿದೆ. "ಭಾವ, ಆ ದಂಡಿನ ಕಾಗದ ಇನ್ಯಾರಿಗಾದರೂ ತೋರಿಸಿದೆಯಾ?"

"ಇಲ್ಲ. ಯಾಕೆ ತೋರಿಸ್ಲಿ?"

"ಈ ಪ್ರೊಫೆಸರಿಗೆ ತೋರಿಸಬಹುದಾಗಿತ್ತಲ್ಲ."

"ನೀನೇ ಓದ್ದೆಯಲ್ಲಪ್ಪ. ಏನೂ ಇಲ್ಲ ಅಂದೆ. ಆ ಡಾಕ್ಟ್ರು ಎಲ್ಲಾ ಬರ್ದಿದ್ದೀನಿ ಅಂತ ನನ್ನ ಭುಜ ತಟ್ಟಿ ಹೇಳಿದ್ದ. ಮೋಸ ಮಾಡ್ಬಿಟ್ಟ ನೋಡು. ನೋಡಿದ್ರೆ ಹಂಗೆ ಕಾಣ್ತಿರ್ಲಿಲ್ಲ."

ಹತ್ತು ತಿಂಗಳು ಈ ಮನುಷ್ಯ ಆ ಡಾಕ್ಟರನ್ನು ಅನುಮಾನಿಸಿದ್ದ. ನನ್ನನ್ನು ಅನುಮಾನಿಸಬಹುದು ಎಂಬುದೇ ಅವನಿಗೆ ಹೊಳೆದಿರಲಿಲ್ಲ. ಅವನು ಕೆಳಗಡೆಗೆ ತಿರುಗಿ, ಬಾಯೊಳಗೆ ಎಣಿಸಿ, "ಇದ್ದೀನಿ!" ಎಂದು ಕೂಗಿದ. ಮಂಜಿನೊಳಗೆ ಸಾಲು ಮತ್ತೆ ಹೊರಟಿತು.

ಇಳಿಯುತ್ತಾ ದಾರಿಯಲ್ಲೇ ಆ ಕಾಗದದಲ್ಲಿ ಏನಿತ್ತೆಂದು ಅವನಿಗೆ ಹೇಳಿದೆ. ಅವನು "ನಿನ್ನ ಅಕ್ಕನಿಗೆ ಹೇಳು. ನಂಗೆ ಹೇಳಿ ಏನು?" ಎಂದ. ಅಷ್ಟೇ. ನನಗೆ ಎರಡು ಏಟು ಹೊಡೆದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮನೆ ಮುಟ್ಟುವಾಗ ಸಾಯಂಕಾಲ. ಅಕ್ಕ ಹಿತ್ತಲಿನಲ್ಲಿ ನೆನೆಹಾಕಿದ ಅವರೆಕಾಳು ಹಿತುಕುತ್ತಾ ಕೂತಿದ್ದಳು. ಎದುರಿಗೆ ಕೂತು ಎಲ್ಲ ಹೇಳಿದೆ. ಅವಳ ಬೆರಳು ನಿಲ್ಲಲಿಲ್ಲ. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ.

"ನಂಗೊತ್ತಿತ್ತು ಕಣೋ" ಎಂದಳು.

"ಹೇಗೆ ಗೊತ್ತಿತ್ತು?"

"ಬಾಗಿಲ ಸಂದೀಲಿ ನೋಡ್ತಿದ್ದೆ. ನೀನು ಆ ಕಾಗದಾನ ಎರಡು ಸಲ ಓದ್ದೆ. ಏನೂ ಇಲ್ದೇ ಇರೋ ಕಾಗದಾನ ಯಾರು ಎರಡು ಸಲ ಓದ್ತಾರೆ?"

"ಮತ್ತೆ ಯಾಕೆ ಸುಮ್ಮನಿದ್ದೆ ಅಕ್ಕ?"

"ಏನಂತ ಹೇಳ್ಲಿ? ಅಕ್ಷರ ಬರ್ದೇ ಇರೋಳು, ಮೇಷ್ಟ್ರು ಸುಳ್ಳು ಓದ್ದ ಅಂತ ಅಪ್ಪಯ್ಯಣ್ಣನ ಮುಂದೆ ಹೇಳ್ಲಾ? ನೀನೇ ಹೇಳ್ತೀಯ ಅಂತ ಕಾದೆ. ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ." ಅವರೆಬೇಳೆಯ ಪಾತ್ರೆಯನ್ನು ನನ್ನ ಕಡೆ ಸರಿಸಿದಳು. "ಇದನ್ನ ಅಮ್ಮನ ಕೈಗೆ ಕೊಡು. ನಾನು ಬೆಳಗ್ಗೆ ಹೋಗ್ತೀನಿ."

ಬೆಳಗ್ಗೆ ನಾನು ಅಪ್ಪಯ್ಯಣ್ಣನ ಮನೆಗೆ ಹೋಗಿ ನನ್ನ ತಪ್ಪು ಒಪ್ಪಿಕೊಂಡೆ. ಅವರು ಉಗಿದರು. ಉಗಿದ ಮೇಲೆ ಯೋಚಿಸಿ, "ಈಗ ಹೇಳ್ತಿರೋದು ನಿಜ ಅಂತ ಏನು ಗ್ಯಾರಂಟಿ?" ಎಂದರು. ನಾನು ಹಿಂದಿರುಗುವಷ್ಟರಲ್ಲಿ ಅಕ್ಕ ಯಾರ ತೀರ್ಮಾನಕ್ಕೂ ಕಾಯದೆ ಟ್ರಂಕು ಕಟ್ಟಿದ್ದಳು. ಟ್ರಂಕು ಹೊತ್ತುಕೊಂಡು ನಾನು ಹಿಂದೆ ನಡೆದೆ. ದೊಡ್ಡಬಳ್ಳಾಪುರ ದಾಟಿ ಬೆಟ್ಟದ ಬುಡದವರೆಗೂ ಅವಳು ಒಂದು ಸಲವೂ ತಿರುಗಿ ನೋಡಲಿಲ್ಲ.

ಗುಡಿಸಲಿನ ಮುಂದೆ ಭಾವ ಹಿಮ್ಮಡಿಯ ಮುಳ್ಳು ತೆಗೆಯುತ್ತಿದ್ದ. ಅಕ್ಕ ನೇರವಾಗಿ ಬಾವಿಗೆ ಹೋದಳು. ಅವನ ಬೇರೆ ಹಗ್ಗವನ್ನು ಮುಟ್ಟಲಿಲ್ಲ. ಊರಿನ ಹಗ್ಗದಲ್ಲೇ ನೀರು ಸೇದಿದಳು. ನೀರಿಗೆ ಬಂದಿದ್ದ ಹೆಂಗಸರು ಅಯ್ಯಯ್ಯೋ ಎಂದರು. ಅವಳು ಚೆಂಬು ತಂದು ಗಂಡನ ಕಾಲಿಗೆ ಹುಯ್ದು, ಉಳಿದ ಐದು ಬೆರಳನ್ನೂ ಉಳಿಯದ ಐದರ ಜಾಗವನ್ನೂ ಕೈಯಿಂದ ಉಜ್ಜಿ ತೊಳೆದಳು. ನಾನು ಟ್ರಂಕು ಇಳಿಸಿ ಬಂದೆ.

ಊರಿನ ಅನುಮಾನ ಪೂರ್ತಿ ಹೋಯಿತು ಎಂದು ಹೇಳಲಾರೆ. ಮಗು ಹುಟ್ಟಿ, ಅದರ ಇಪ್ಪತ್ತು ಬೆರಳನ್ನೂ ಎಣಿಸಿ ನೋಡಿದ ಮೇಲೆ ಭಾವನ ಅಣ್ಣನ ಹೆಂಡತಿ ಅವನಿಗೆ ಮಜ್ಜಿಗೆ ಕೊಟ್ಟಳು. ಕೆಲವರು ಕೊನೆಯವರೆಗೂ ಅವನ ಪಕ್ಕ ಪಂಕ್ತಿಯಲ್ಲಿ ಕೂರಲಿಲ್ಲ. ಅವನು ಮಾತ್ರ ಚಳಿಗಾಲದ ಭಾನುವಾರ ತಪ್ಪಿಸಲಿಲ್ಲ.

ನಲವತ್ತೆಂಟರ ದೀಪಾವಳಿ ಆದ ಮೇಲೆ ಪ್ರೊಫೆಸರಿಂದ ಅವನಿಗೆ ಇಂಗ್ಲಿಷಿನಲ್ಲಿ ಟೈಪು ಮಾಡಿದ ಒಂದು ಕಾಗದ ಬಂತು. ನಾನು ಹಬ್ಬದ ತಿಂಡಿ ಕೊಡಲು ಹೋಗಿದ್ದೆ. ಅಕ್ಕ ಕಾಗದ ತಂದು ನನ್ನ ಮುಂದೆ ಇಟ್ಟಳು. ಅವರ ಗುಂಪು ಆ ಚಳಿಗಾಲ ಉತ್ತರದ ಹಿಮದ ಬೆಟ್ಟಗಳಿಗೆ ಹೋಗುತ್ತಿದೆ, ಮಂಕರಿ ಜೋಡು ಕಟ್ಟಿ ನಡೆಯಬಲ್ಲವನು ನಮ್ಮಲ್ಲಿ ನೀನೊಬ್ಬನೇ, ಸಾಲಿನ ಕೊನೆಗೆ ನೀನೇ ಬೇಕು ಎಂದು ಬರೆದಿದ್ದರು. ನನಗೆ ಒಂದು ಗಳಿಗೆ ಆಸೆಯಾಯಿತು. ಏನೋ ಹಬ್ಬದ ಶುಭಾಶಯ ಎಂದುಬಿಟ್ಟರೆ ಭಾವ ಮನೆಯಲ್ಲೇ ಉಳಿಯುತ್ತಾನೆ, ಅಕ್ಕನಿಗೆ ಚಿಂತೆಯಿಲ್ಲ. ಆದರೆ ಇದ್ದದ್ದನ್ನು ಇದ್ದಂತೆ ಓದಿದೆ. ಒಂದೇ ಸಲ ಓದಿದೆ.

ಭಾವ ನಕ್ಕ. "ಅರ್ಧ ಆವಾಗ್ಲೇ ಕೊಟ್ಟಿವ್ನಿ. ಮಿಕ್ಕಿರೋ ಐದು ಅಂಜಿನಮ್ಮನದು. ಬರಲ್ಲ ಅಂತ ಬರ್ದ್ಬಿಡು ರಮಣಪ್ಪಾ" ಎಂದು ಎತ್ತು ಬಿಡಲು ಹೊರಟುಹೋದ.

ಅಕ್ಕ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ಮಡಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮಗುವನ್ನು ಎತ್ತಿಕೊಂಡು ಚಪ್ಪಲಿ ಮೆಟ್ಟಿದಳು.

"ಎಲ್ಲಿಗೆ ಅಕ್ಕ?"

"ಸ್ಟೇಷನ್ನಿಗೆ. ಸ್ಟೇಷನ್ ಮಾಸ್ತರಿಗೆ ಇಂಗ್ಲಿಷ್ ಬರ್ತದೆ."

"ನಾನು ಓದಿದೆನಲ್ಲಾ."

"ಓದ್ದೆ" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಕೂತಿರು, ಬಂದು ಮುದ್ದೆ ಹಾಕ್ತೀನಿ."

ಒಂದು ಗಂಟೆಯ ಮೇಲೆ ಬಂದಳು. ನಾನು ಓದಿದ್ದೇ ಅದರಲ್ಲಿತ್ತೋ ಇಲ್ಲವೋ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆವತ್ತಿನಿಂದ ಇವತ್ತಿನವರೆಗೆ ನಾನು ಅವಳಿಗೆ ಓದಿ ಹೇಳಿದ ಕಾಗದಗಳನ್ನೆಲ್ಲ ಅವಳು ಇನ್ನೊಬ್ಬರ ಕೈಯಲ್ಲಿ ಮತ್ತೆ ಓದಿಸಿದ್ದಾಳೆ.